ಒಂದು ಭಾನುವಾರ, ಒಂದು ರಸ್ತೆ ಕೊಡಿ ಸ್ವಾಮಿ!

ಸಂತೆ ಅಂದರೆ ಏನು ಎಂದು ಆಲೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಳೆದವನೇ ಮೂಟೆ ತರುತ್ತಾನೆ, ಗೋಣಿತಾಟು ಹಾಸುತ್ತಾನೆ, ಬೆಲೆ ಕೂಗುತ್ತಾನೆ. ಬೇಕಾದವರು ಕೊಳ್ಳುತ್ತಾರೆ, ಬೇಡದವರು ಮುಟ್ಟಿ ನೋಡಿ ಮುಂದಕ್ಕೆ ನಡೆಯುತ್ತಾರೆ. ಟಿಕೆಟ್ಟಿಲ್ಲ, ಪಾಸಿಲ್ಲ, ಮುಂದಿನ ಸಾಲಿನಲ್ಲಿ ಸೋಫಾ ಇಲ್ಲ. ಉದ್ಘಾಟಕರು ಎರಡು ಗಂಟೆ ತಡವಾಗಿ ಬಂದರೆಂದು ಯಾವ ಸಂತೆಯೂ ಇಂದಿನವರೆಗೆ ಕಾದು ಕೂತದ್ದಿಲ್ಲ!

ಇದೇ ಸಂತೆಯನ್ನು ಬೆಂಗಳೂರಿನವರು ಬದನೆಕಾಯಿಯ ಜಾಗದಲ್ಲಿ ಚಿತ್ರ ಇಟ್ಟು ನಡೆಸುತ್ತಿದ್ದಾರೆ. ಹೆಸರೂ ಅದೇ, ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು 2003ರಲ್ಲಿ ಶುರು ಮಾಡಿದ್ದು. ಸಾಮಾನ್ಯವಾಗಿ ಜನವರಿಯ ಮೊದಮೊದಲ ಭಾನುವಾರ, ಕುಮಾರಕೃಪಾ ರಸ್ತೆಯಲ್ಲಿ, ಒಂದೇ ಒಂದು ದಿನ. ಬೆಳಿಗ್ಗೆ ಹಾಸುತ್ತಾರೆ, ರಾತ್ರಿ ಮಡಚುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಸಂಘಟಕರ ಲೆಕ್ಕದಲ್ಲಿ ಲಕ್ಷಗಟ್ಟಲೆ ಜನ. ನೋಡುವವರಿಗೆ ಕಾಸಿಲ್ಲ.

ಈ ಸಂತೆಗೆ ನಾನು ಖಾಯಂ ಗಿರಾಕಿ. ಚಿತ್ರ ಬರೆಯುವವನಲ್ಲ, ಬರೆಯುವವರಿಗೆ ಸಾಮಾನು ಮಾರುವವನು. ಆಲೂರಿನಲ್ಲಿ ನೋಟ್‌ಬುಕ್ಕು, ಪೆನ್ನು, ಡ್ರಾಯಿಂಗ್ ಶೀಟು, ಬಣ್ಣದ ಡಬ್ಬಿ ಇಟ್ಟುಕೊಂಡ ಅಂಗಡಿ. ವರ್ಷಕ್ಕೊಮ್ಮೆ ಆ ಒಂದು ದಿನ ಬಾಗಿಲು ಹಾಕಿ ಹೊರಡುತ್ತೇನೆ. ಹೊರಡುವ ಹಿಂದಿನ ದಿನ ಪಕ್ಕದ ಅಂಗಡಿಯವರು ತಪ್ಪದೆ ಕೇಳುವ ಪ್ರಶ್ನೆ: ‘ಏನ್ ಸಾವ್ಕಾರ್ರೆ, ಊರಿಗೂರೇ ಕಾಫಿ ಹಣ್ಣು ಕುಯ್ತಾ ಕೂತದೆ, ನೀವು ಚಿತ್ರ ನೋಡಕ್ಕೆ ಬೆಂಗ್ಳೂರಿಗೆ ಹೋಗ್ತಿರಾ?’

ಹೌದು, ಹೋಗುತ್ತೇನೆ. ಯಾಕೆ ಹೋಗುತ್ತೇನೆ, ಅಲ್ಲಿ ಏನು ಕಂಡೆ, ಅದು ಇಲ್ಲಿ ಯಾಕಾಗಬಾರದು? ಈ ಮೂರಕ್ಕೆ ಉತ್ತರ ಹೇಳುವುದಕ್ಕೇ ಇವತ್ತಿನ ಈ ಅಂಕಣ.

ನಸುಕಿನ ಬಸ್ಸು

ಆಲೂರಿನಿಂದ ಹಾಸನ ಹಾದು ಬೆಂಗಳೂರಿಗೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರು. ಜನವರಿಯ ಮಂಜಿನಲ್ಲಿ ಮಫ್ಲರು ಸುತ್ತಿಕೊಂಡು ಹತ್ತಿದರೆ ಚನ್ನರಾಯಪಟ್ಟಣದಲ್ಲಿ ಬೆಳಕು, ಯಡಿಯೂರಿನ ಹತ್ತಿರ ಇಡ್ಲಿ, ನೆಲಮಂಗಲದಿಂದಾಚೆ ಟ್ರಾಫಿಕ್ಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮನೆಯವರೂ ಜೊತೆಗೆ ಬರುತ್ತಾರೆ. ಅವರಿಗೆ ಟಿಕೆಟ್ಟಿಲ್ಲ, ನನಗೆ ಮಾತ್ರ ಉಂಟು. (ಆ ಉಳಿದ ದುಡ್ಡಿಗೆ ಅವರು ಚಿತ್ರ ಕೊಳ್ಳುತ್ತಾರೆ, ಲೆಕ್ಕ ಅಲ್ಲಿಗಲ್ಲಿಗೇ.) ಮೆಜೆಸ್ಟಿಕ್ಕಿನಲ್ಲಿ ಇಳಿದು ಆನಂದರಾವ್ ವೃತ್ತದ ಕಡೆಯಿಂದ ನಡೆದೇ ಹೋಗುತ್ತೇವೆ. ಎರಡು ಮೈಲಿಯೂ ಇಲ್ಲ. ಶಿವಾನಂದ ವೃತ್ತದ ಹತ್ತಿರ ಬರುತ್ತಿದ್ದಂತೆ ಪೊಲೀಸರ ಬ್ಯಾರಿಕೇಡು ಕಾಣುತ್ತದೆ. ಅದರಾಚೆ ವಾಹನವಿಲ್ಲ. ರಸ್ತೆ ಪೂರ್ತಿ ಜನರದ್ದು.

ಈ ರಸ್ತೆ ಎಂಥಾದ್ದು ಗೊತ್ತೇ? ಮುಖ್ಯಮಂತ್ರಿಗಳ ಗೃಹ ಕಚೇರಿ ‘ಕೃಷ್ಣಾ’ ಇರುವ ರಸ್ತೆ. ಸರ್ಕಾರದ ಅತಿಥಿಗೃಹ ಇರುವ ರಸ್ತೆ. ಬೇರೆ ದಿನಗಳಲ್ಲಿ ಕೆಂಪುದೀಪ, ಸೈರನ್ನು, ಸೆಲ್ಯೂಟು. ಆ ಒಂದು ಭಾನುವಾರ ಮಾತ್ರ ಅಲ್ಲಿ ಇಳಕಲ್ಲಿನ ಕಡೆಯವನೊಬ್ಬ ನೆಲದ ಮೇಲೆ ಬಟ್ಟೆ ಹಾಸಿ, ತಾನು ಬರೆದ ಎಮ್ಮೆಯ ಚಿತ್ರವನ್ನು ಕಾಂಪೌಂಡಿಗೆ ಒರಗಿಸಿ ಕೂತಿರುತ್ತಾನೆ. ರಾಜ್ಯ ಆಳುವವರ ಮನೆಮುಂದಿನ ರಸ್ತೆಯನ್ನೇ ಒಂದು ದಿನ ಮುಚ್ಚಿ ಕಲಾವಿದನಿಗೆ ಕೊಡಬಹುದಂತೆ. ಈ ಮಾತನ್ನು ಓದುಗ ಮಹಾಶಯರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಬಾಗಿಲಿಲ್ಲದ ಗ್ಯಾಲರಿ

ಚಿತ್ರಪ್ರದರ್ಶನ ಹಾಸನದಲ್ಲೂ ನಡೆಯುತ್ತವೆ. ನಾನು ನೋಡಿದ್ದೇನೆ. ಹಾಲು, ಬಾಗಿಲು, ಬಾಗಿಲಲ್ಲಿ ಒಂದು ಪುಸ್ತಕ, ಸಹಿ ಹಾಕಿ ಅಭಿಪ್ರಾಯ ಬರೆಯಿರಿ ಎನ್ನುತ್ತಾರೆ. ಒಳಗೆ ಬಂದವರು ಯಾರು? ಬರೆದವರು, ಬರೆದವರ ನೆಂಟರು, ಬರೆದವರಿಗೆ ಪಾಠ ಹೇಳಿದವರು, ಕೊನೆಗೆ ಪೇಪರಿನವರು. ಮಗ್ಗೆಯಿಂದಲೋ ಕುಂದೂರಿನಿಂದಲೋ ಗೊಬ್ಬರ ಕೊಳ್ಳಲು ಬಂದ ರೈತ ಆ ಬಾಗಿಲು ದಾಟುವುದಿಲ್ಲ. ಯಾರೂ ಅವನನ್ನು ತಡೆದಿಲ್ಲ. ಆದರೂ ಅವನು ಚಪ್ಪಲಿ ನೋಡಿಕೊಳ್ಳುತ್ತಾನೆ, ಅಂಗಿ ನೋಡಿಕೊಳ್ಳುತ್ತಾನೆ, ‘ನಮ್ಮಂಥೋರಿಗಲ್ಲ ಬಿಡಿ’ ಅಂದು ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತಾನೆ.

ರಸ್ತೆಗೆ ಬಾಗಿಲಿಲ್ಲ. ಚಿತ್ರಸಂತೆಯ ಗುಟ್ಟೆಲ್ಲಾ ಇಷ್ಟೇ. ಅಲ್ಲಿ ಬಂದವರೆಲ್ಲ ಕಲಾರಸಿಕರು ಅಂತ ನಾನು ಹೇಳಲಾರೆ. ಅರ್ಧ ಜನ ಮೊಬೈಲಿನಲ್ಲಿ ಫೋಟೋ ಹೊಡೆಸಿಕೊಳ್ಳಲು ಬಂದವರು. ಕಾಲು ಭಾಗ ಬೋಂಡಾ, ಪಾನಿಪುರಿ ತಿನ್ನಲು. ಆದರೆ ಬೋಂಡಾ ತಿನ್ನುತ್ತಾ ಹೋಗುವವನೂ ನಡುವೆ ಒಂದು ಕಡೆ ನಿಲ್ಲುತ್ತಾನೆ. ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ನೋಡುವುದೇ ನನಗೆ ಚಿತ್ರ ನೋಡುವುದಕ್ಕಿಂತ ಹೆಚ್ಚಿನ ಹುಚ್ಚು. ಒಬ್ಬ ಆಟೋ ಡ್ರೈವರು, ಖಾಕಿ ಅಂಗಿಯಲ್ಲೇ, ಮಳೆಯಲ್ಲಿ ನಿಂತ ಒಂಟಿ ಹಸುವಿನ ಚಿತ್ರದ ಮುಂದೆ ಹತ್ತು ನಿಮಿಷ ನಿಂತಿದ್ದ. ಕೊಳ್ಳಲಿಲ್ಲ. ಬೆಲೆ ಕೇಳಿದ, ತಲೆಯಾಡಿಸಿದ, ಹೋದ. ಸ್ವಲ್ಪ ಹೊತ್ತಿಗೆ ಹೆಂಡತಿಯನ್ನು ಕರೆದುಕೊಂಡು ಬಂದು ಮತ್ತೆ ತೋರಿಸಿದ.

ಸರಕೂ ಎಲ್ಲ ತರದ್ದು. ಮೈಸೂರು ಶೈಲಿಯ ಚಿನ್ನದ ರೇಕಿನ ದೇವರು, ತಂಜಾವೂರಿನದು, ಬಿಹಾರದ ಕಡೆಯ ಮಧುಬನಿ, ಎಣ್ಣೆಬಣ್ಣ, ನೀರುಬಣ್ಣ, ಬರೀ ಪೆನ್ಸಿಲ್ಲು. ಸ್ಟೂಲಿನ ಮೇಲೆ ಕೂತರೆ ಹತ್ತು ನಿಮಿಷಕ್ಕೆ ನಿಮ್ಮದೇ ಮುಖ ಬರೆದುಕೊಡುವವರ ಮುಂದೆ ಯಾವಾಗಲೂ ಸಾಲು. ನೂರಿನ್ನೂರು ರೂಪಾಯಿಯದ್ದೂ ಸಿಗುತ್ತದೆ, ಲಕ್ಷದ್ದೂ ಇರುತ್ತದೆ. ಒಂದೊಂದು ವರ್ಷ ಒಂದೊಂದು ವಿಷಯಕ್ಕೆ ಅರ್ಪಣೆ ಬೇರೆ: 2024ರಲ್ಲಿ ಇಸ್ರೋ ವಿಜ್ಞಾನಿಗಳಿಗೆ, 2025ರಲ್ಲಿ ಹೆಣ್ಣುಮಕ್ಕಳಿಗೆ. ಕೊರೋನಾ ಕಾಲದಲ್ಲಿ, 2021ರಲ್ಲಿ, ಸಂತೆ ರಸ್ತೆಗೆ ಇಳಿಯಲಿಲ್ಲ. ಕಂಪ್ಯೂಟರಿನಲ್ಲಿ ನೋಡಿ ಎಂದರು. ನೋಡಿದೆ. ಸಿನಿಮಾ ಪೋಸ್ಟರು ನೋಡಿ ಸಿನಿಮಾ ನೋಡಿದೆ ಅಂದಂತಾಯಿತು. ಮರುವರ್ಷ ಜನವರಿಯದ್ದು ಮಾರ್ಚಿಗೆ ಹೋಯಿತು, ಆದರೂ ಜನ ಬಂದರು.

ಸಂಜೆ ಐದರ ಬೆಲೆ

ಬರೀ ಹೊಗಳಿ ಬರೆದರೆ ನೀವು ನಂಬುವುದಿಲ್ಲ, ನಂಬಬಾರದು ಕೂಡ. ಅಲ್ಲಿಯ ಹುಳುಕನ್ನೂ ಹೇಳಿಬಿಡುತ್ತೇನೆ.

ಮಧ್ಯಾಹ್ನದ ಮೇಲೆ ನೂಕುನುಗ್ಗಲು. ಚಿತ್ರದಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಬೇಕೆಂದರೆ ಹಿಂದಿನವರ ಕಾಲು ತುಳಿಯಬೇಕು. ಹೆಂಗಸರಿಗೆ ಶೌಚಾಲಯದ ಪಾಡು ಹೇಳತೀರದು. ಅದಕ್ಕಿಂತ ಬೇಸರ ತರುವುದು, ವರ್ಷ ವರ್ಷವೂ ಹೆಚ್ಚುತ್ತಿರುವ ನಕಲು. ಓಡುವ ಏಳು ಕುದುರೆ, ಕಣ್ಣು ಮುಚ್ಚಿದ ಬುದ್ಧ, ಎಲೆಯಲ್ಲಿ ಗಣಪತಿ. ಮನೆಗೆ ಒಳ್ಳೇದಾಗುತ್ತೆ ಅಂತ ಜನ ಕೇಳುತ್ತಾರೆ, ಕೇಳುತ್ತಾರೆ ಅಂತ ಇವರು ಬರೆಯುತ್ತಾರೆ. ಒಬ್ಬನ ಹತ್ತಿರ ನೋಡಿದ ಕುದುರೆಗಳನ್ನೇ ಮುಂದಿನ ಐದು ಮಳಿಗೆಯಲ್ಲಿ ನೋಡಿದರೆ ಬರೆದವನ ಮೇಲೆ ಸಿಟ್ಟು ಬರುವುದಿಲ್ಲ, ಕುದುರೆಗಳ ಮೇಲೆ ಕನಿಕರ ಬರುತ್ತದೆ!

ಇನ್ನು ಚೌಕಾಸಿ. ವ್ಯಾಪಾರಸ್ಥರಾದ ನಿಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸಂಜೆ ಐದಾದ ಮೇಲೆ ಸೊಪ್ಪಿನವಳು ಬೆಲೆ ಇಳಿಸುತ್ತಾಳೆ, ಯಾಕೆಂದರೆ ಸೊಪ್ಪು ನಾಳೆಗೆ ಬಾಡುತ್ತದೆ. ಚಿತ್ರ ಬಾಡುವುದಿಲ್ಲ. ಆದರೂ ಐದರ ಮೇಲೆ ಕುಮಾರಕೃಪಾ ರಸ್ತೆಯಲ್ಲಿ ಬೆಲೆ ಇಳಿಯುತ್ತದೆ. ಬಿಜಾಪುರದ ಕಡೆಯವನಿಗೋ ಒಡಿಶಾದವನಿಗೋ ರಾತ್ರಿ ರೈಲು ಇರುತ್ತದೆ. ತಂದದ್ದನ್ನು ಮತ್ತೆ ಕಟ್ಟಿ ಹೊತ್ತುಕೊಂಡು ಹೋಗಬೇಕು. ಇದು ಗೊತ್ತಿದ್ದೇ ಕೆಲವರು ಬೆಳಿಗ್ಗೆ ಬಂದು ಚಿತ್ರ ನೋಡಿಟ್ಟು, ಸಂಜೆ ಐದಕ್ಕೆ ವಾಪಸು ಬರುತ್ತಾರೆ. ಕಾರಿನಲ್ಲಿ ಬಂದವರು! ಎಂಟು ಸಾವಿರ ಹೇಳಿದ್ದನ್ನು ಎರಡೂವರೆಗೆ ಕೇಳುತ್ತಾರೆ. ಅವನು ಒಂದು ಸಲ ಚಿತ್ರದ ಮುಖ ನೋಡುತ್ತಾನೆ, ಒಂದು ಸಲ ಗಡಿಯಾರದ ಮುಖ ನೋಡುತ್ತಾನೆ, ಕೊಟ್ಟುಬಿಡುತ್ತಾನೆ.

ಚೌಕಾಸಿ ಮಾಡಬಾರದು ಅಂತ ನಾನು ಹೇಳುವುದಿಲ್ಲ, ಹೇಳಿದರೆ ಅಂಗಡಿಯವನಾಗಿ ನನ್ನ ಬಾಯಿಗೇ ಹೊಂದುವುದಿಲ್ಲ. ಆದರೆ ಎಲೆಕೋಸಿಗೆ ಚೌಕಾಸಿ ಮಾಡುವಾಗ ಪಕ್ಕದಲ್ಲಿ ಅದೇ ತರದ ಹತ್ತು ಎಲೆಕೋಸು ಇರುತ್ತದೆ. ಇದು ಇರುವುದು ಒಂದೇ. ಮತ್ತು ಅವನು ಬೆಲೆ ಇಳಿಸಿದ್ದು ಚಿತ್ರ ಕಡಿಮೆಯದ್ದಾಯಿತು ಅಂತಲ್ಲ, ಊರು ದೂರವಾಯಿತು ಅಂತ. ನನ್ನ ಇವತ್ತಿನ ವಾದವೆಲ್ಲ ನಿಂತಿರುವುದು ಈ ದೂರದ ಮೇಲೆ.

ಬೋರ್ಡು ಬರೆಯುವವರ ಲೆಕ್ಕ

ನಮ್ಮೂರಿನ ಬೋರ್ಡು ಬರೆಯುವವರೊಬ್ಬರು 2024ರ ಸಂತೆಗೆ ಅರ್ಜಿ ಹಾಕಿ ಆಯ್ಕೆಯಾದರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆಲೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆ ಕಡೆಯ ಹಳಬರಿಗೆ ಅವರ ಕೈಬರಹ ಗೊತ್ತು. ತಗಡಿಗೆ ಪ್ರೈಮರು ಹೊಡೆದು, ಸುಣ್ಣ ಹಚ್ಚಿದ ದಾರ ಚಿಮ್ಮಿಸಿ ಗೆರೆ ಎಳೆದು, ಎನಾಮಲ್ ಬಣ್ಣದಲ್ಲಿ ಅಕ್ಷರ ಬರೆದು, ಅಕ್ಷರಕ್ಕೆ ನೆರಳು ಕೊಟ್ಟರೆ ‘ದಿನಸಿ’ ಎಂಬ ಮೂರಕ್ಷರವೂ ಎದ್ದು ಬಂದು ಮಾತಾಡಿಸುತ್ತಿತ್ತು. ಲಾರಿಯ ಹಿಂದೆ ಹದ್ದು, ಹೋಟೆಲಿನ ಗೋಡೆಗೆ ಜಲಪಾತ, ಸಲೂನಿನ ಗಾಜಿಗೆ ಸಿನಿಮಾ ನಟರ ಕ್ರಾಪು, ಎಲ್ಲ ಅವರದೇ. ಈಗ ಮನೆ ಗೋಡೆಗೆ ಡಿಸ್ಟೆಂಪರು ಹೊಡೆಯುತ್ತಾರೆ.

ಅವರು ಸಂತೆಗೆ ಒಯ್ದದ್ದು 14 ಚಿತ್ರ. ಮಾರಿದ್ದು 5. ಚಿಕ್ಕವು 600, 600, 500ಕ್ಕೆ ಹೋದವು. ಒಂದು 1,200ಕ್ಕೆ. ದೊಡ್ಡದು, ಮಂಜಿನ ಕಾಫಿ ತೋಟದೊಳಗೆ ನಿಂತ ಆನೆ, 5,000 ಹೇಳಿ 3,500ಕ್ಕೆ ಕೊಟ್ಟರು. ಕೊಂಡ ಹೆಂಗಸು ‘ಇದು ಕೇರಳಾನಾ?’ ಎಂದು ಕೇಳಿದರಂತೆ. ‘ಅಲ್ಲಮ್ಮ, ಪಾಳ್ಯದ ಪಕ್ಕ’ ಎಂದರೆ ಅವರಿಗೆ ನಂಬಿಕೆಯೇ ಬರಲಿಲ್ಲವಂತೆ. (ನಮ್ಮ ಕಡೆ ಆನೆ ದಾರಿಗೆ ಅಡ್ಡ ನಿಂತರೆ ಬಸ್ಸು ತಪ್ಪುತ್ತದೆ. ಅಲ್ಲಿ ಅದೇ ಆನೆಗೆ ದುಡ್ಡು ಕೊಟ್ಟು ಗೋಡೆಗೆ ತೂಗುಹಾಕುತ್ತಾರೆ. ಇರಲಿ.)

ಒಟ್ಟು ಬಂದದ್ದು 6,400 ರೂಪಾಯಿ. ಖರ್ಚು? ಬಸ್ಸು, ಲಗೇಜು, ಎರಡು ದಿನದ ಊಟ ತಿಂಡಿ, ಲಾಡ್ಜು, ಆಟೋ, ಫ್ರೇಮು, ಮಳಿಗೆಯ ಶುಲ್ಕ, ಎಲ್ಲಾ ಸೇರಿ 4,150. ಉಳಿದದ್ದು 2,250. ಎರಡು ದಿನದ ಗೋಡೆ ಕೆಲಸ ಕೆಟ್ಟಿತು, ದಿನಕ್ಕೆ 900ರಂತೆ 1,800. ಕೊನೆಗೆ ಕೈಯಲ್ಲಿ ನಿಂತದ್ದು 450 ರೂಪಾಯಿ. ವಾಪಸು ಬರುವಾಗ ಒಂಬತ್ತು ಚಿತ್ರದ ಕಟ್ಟಿಗೆ ಕಂಡಕ್ಟರು ಲಗೇಜು ಕೇಳಿದ. ‘ಏನಿದು, ಗಾಜಾ?’ ‘ಚಿತ್ರ.’ ‘ಯಾರ್ದು?’ ‘ನಂದೇ.’ ಮೇಲೆ ಕೆಳಗೆ ನೋಡಿ ಚೀಟಿ ಹರಿದನಂತೆ.

ವಿಚಾರಿಸಿದೆ, ‘ಏನಣ್ಣಾ, 450 ರೂಪಾಯಿಗೆ ಇಷ್ಟೊಂದು ಪಾಡಾ?’ ಅವರು ಹೇಳಿದ್ದು ಹೀಗೆ: ‘ದುಡ್ಡಿನ್ ಮನೆ ಹಾಳಾಗ್ಲಿ. ಒಂದು ಹುಡ್ಗಿ ಬಂದು, ಸಾರ್, ಇದನ್ನ ಬರ್ದಿದ್ದು ನೀವೇನಾ ಅಂತು. ಇಪ್ಪತ್ತೈದ್ ವರ್ಷ ಆಲೂರು ತುಂಬಾ ಬೋರ್ಡ್ ಬರ್ದಿದೀನಿ ಕಣಣ್ಣ. ಒಬ್ರು ಕೇಳಿಲ್ಲ.’

ಲೆಕ್ಕವನ್ನು ಇನ್ನೊಂದು ಸಲ ನೋಡಿ. ಆ 4,150ರಲ್ಲಿ ಬಣ್ಣಕ್ಕೆ ಹೋದದ್ದು ಒಂದು ಪೈಸೆಯೂ ಇಲ್ಲ. ಫ್ರೇಮು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ದೂರಕ್ಕೆ ಕಟ್ಟಿದ ಕಂದಾಯ. ಇದೇ ಸಂತೆ ಆಲೂರಿನಲ್ಲಿ ಆಗಿದ್ದರೆ? ಬಸ್ಸಿಲ್ಲ, ಲಾಡ್ಜಿಲ್ಲ, ಆಟೋ ಇಲ್ಲ. ಭಾನುವಾರ ಒಂದು ದಿನ, ಮಧ್ಯಾಹ್ನ ಮನೆಗೆ ಹೋಗಿ ಮುದ್ದೆ ಉಂಡು ಬರಬಹುದು. ಇಲ್ಲಿ ಬೆಂಗಳೂರಿನ ಬೆಲೆ ಸಿಗುವುದಿಲ್ಲ, ಒಪ್ಪಿದೆ. ಅರ್ಧ ಬೆಲೆಗೆ ಮಾರಿದರೂ 3,200 ಪೂರ್ತಿ ಅವರದ್ದು. ಸಂಜೆ ಐದಕ್ಕೆ ಗಡಿಯಾರ ನೋಡಿ ಬೆಲೆ ಇಳಿಸುವ ಗರಜೂ ಇಲ್ಲ.

ಫ್ಲೆಕ್ಸು ಎಂಬ ಅಗ್ಗದ ದೆವ್ವ

ಇಲ್ಲಿ ನಮ್ಮ ಅಂಗಡಿಯ ಬಂಧುಗಳಿಗೆ ಒಂದು ಮಾತು. ಬೋರ್ಡು ಬರೆಯುವವರ ಕೈ ಕಟ್ಟಿದ್ದು ಯಾರು? 2000ದಿಂದೀಚೆ ಫ್ಲೆಕ್ಸು ಬಂತು. ಒಂದು ಗಂಟೆಯಲ್ಲಿ ಸಿಗುತ್ತೆ, ಅಗ್ಗ, ಮಾಲೀಕರ ಫೋಟೋನೂ ಬರುತ್ತೆ. ಪೇಟೆಗೆ ಪೇಟೆಯೇ ಅತ್ತ ಹೋಯಿತು. ಎರಡು ಮಳೆಗಾಲಕ್ಕೆ ಬಣ್ಣ ಹೋಗಿ, ಮೂರನೆಯದಕ್ಕೆ ಹರಿದು ಜೋತುಬೀಳುತ್ತದೆ, ಮತ್ತೆ ಹೊಸದು. ನಮ್ಮ ಮಲೆನಾಡಿನ ಅಂಚಿನ ಮಳೆಯಲ್ಲಿ ಇದು ಅಗ್ಗವೋ ದುಬಾರಿಯೋ ನೀವೇ ಹೇಳಿ. ನನ್ನ ಅಂಗಡಿಯ ತಗಡಿನ ಬೋರ್ಡು 1998ರದ್ದು. ಅಂಚಿಗೆ ತುಕ್ಕು ಬಂದಿದೆ, ಅಕ್ಷರ ಅಲುಗಿಲ್ಲ.

ಅದಿರಲಿ, ಕಾನೂನಿನ ಮಾತೂ ಇದೆ. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿ ಆದೇಶ ಹೊರಡಿಸಿದಾಗ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. 2018ರ ಆಗಸ್ಟಿನಲ್ಲಿ ಹೈಕೋರ್ಟು ಗದರಿದ ಮೇಲೆ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಫ್ಲೆಕ್ಸು ಕಿತ್ತರು. ನಮ್ಮ ಕಡೆ? ಹುಟ್ಟುಹಬ್ಬದ ಶುಭಾಶಯ ಕೋರುವವರ ಮುಖಗಳು ಯಾವ ಕಂಬದಲ್ಲಿ ಇಲ್ಲ? ಆ ಆದೇಶವನ್ನು ಆಚರಿಸಬೇಕಾದವರ ಮುಖವೇ ಕೆಲವು ಸಲ ಆ ಫ್ಲೆಕ್ಸಿನಲ್ಲಿ ನಗುತ್ತಿರುತ್ತದೆ.

ಇನ್ನೊಂದು ವ್ಯತ್ಯಾಸ ಗಮನಿಸಿದ್ದೀರಾ? ಕೈಬರಹದ ಬೋರ್ಡಿನ ಕೆಳಗೆ, ಬಲಮೂಲೆಯಲ್ಲಿ, ಚಿಕ್ಕದಾಗಿ ಬರೆದವನ ಹೆಸರು ಇರುತ್ತಿತ್ತು. ‘ಇಂಥಾ ಆರ್ಟ್ಸ್’ ಅಂತ. ಫ್ಲೆಕ್ಸಿನಲ್ಲಿ ಇರುವುದು ಅಂಗಡಿಯ ಫೋನ್ ನಂಬರು. ಹೆಸರು ಹಾಕುವ ಈ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ ಸ್ವಾಮಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿಗೆ ಹೋಗಿ ನೋಡಿ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹದ ಬುಡದಲ್ಲಿ ಹೆಸರು ಕೊರೆದಿದ್ದಾರೆ. ಅತ್ತ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಗುಡಿ ಕಟ್ಟಿಸಿದವರು ಬೇರೆ, ಪೂಜೆ ದೇವರಿಗೆ, ಆದರೆ ಕಡೆದವನು ನಾನು ಎಂದು ಹೇಳುವ ಧೈರ್ಯ ಅವರಿಗಿತ್ತು, ಹೇಳಗೊಡುವ ದೊಡ್ಡತನ ಕಟ್ಟಿಸಿದವರಿಗಿತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದಾಗ ಜಿಲ್ಲೆಯಲ್ಲಿ ಸಂಭ್ರಮವೋ ಸಂಭ್ರಮ. ಅಭಿನಂದನೆಯ ಬೋರ್ಡುಗಳೂ ಎದ್ದವು. ಯಾವುದರಲ್ಲಿ? ಫ್ಲೆಕ್ಸಿನಲ್ಲಿ!

ಪೆನ್ಸಿಲು ಕೇಳಲು ಬರುವ ಮಕ್ಕಳು

ನನ್ನ ಅಂಗಡಿಯ ಗಲ್ಲದ ಮೇಲೆ ಕೂತವನಿಗೆ ಕಾಣುವುದು ಇನ್ನೊಂದು. ಜೂನ್‌ನಲ್ಲಿ ಡ್ರಾಯಿಂಗ್ ಪುಸ್ತಕ, ಕ್ರೆಯಾನು ಚೆನ್ನಾಗಿ ಹೋಗುತ್ತದೆ. ಪ್ರೈಮರಿ ಮಕ್ಕಳು. ಹೈಸ್ಕೂಲಿಗೆ ಬಂದ ಮೇಲೆ ಹತ್ತರಲ್ಲಿ ಒಂದಿಬ್ಬರು ಚಿತ್ರಕಲೆಯ ಲೋಯರ್ ಪರೀಕ್ಷೆ, ಹೈಯರ್ ಪರೀಕ್ಷೆ ಅಂತ 2ಬಿ, 4ಬಿ ಪೆನ್ಸಿಲು ಕೇಳಿಕೊಂಡು ಬರುತ್ತಾರೆ. ಆಮೇಲೆ ಇಲ್ಲ. ಎಸ್‌ಎಸ್‌ಎಲ್‌ಸಿ ಬಂತು ಅಂದರೆ ಬಣ್ಣದ ಡಬ್ಬಿ ಅಟ್ಟಕ್ಕೆ. ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಚಿತ್ರಕಲೆ ಮೇಷ್ಟ್ರು ನಿವೃತ್ತರಾದರೆ ಆ ಕುರ್ಚಿ ಹಾಗೇ ಖಾಲಿ ಉಳಿಯುತ್ತದೆ, ಇದು ನಿಮಗೂ ಗೊತ್ತು.

ರಾಯರಕೊಪ್ಪಲಿನ ಕಡೆಯ ಹುಡುಗಿಯೊಬ್ಬಳು, ಒಂಬತ್ತನೇ ಕ್ಲಾಸು, ಅಜ್ಜಿ ಮೆಣಸು ಬಿಡಿಸುವ ಚಿತ್ರ ಬರೆದು ತಂದು ತೋರಿಸಿದಳು. ಅಜ್ಜಿಯ ಬೆರಳಿನ ಗಂಟುಗಳನ್ನು ಬರೆದಿದ್ದ ಬಗೆ ನೋಡಿ ನನಗೆ ಎರಡು ನಿಮಿಷ ಮಾತು ಬರಲಿಲ್ಲ. ಅವರಪ್ಪ ಪಕ್ಕದಲ್ಲೇ ನಿಂತಿದ್ದರು. ‘ಚೆನ್ನಾಗದೆ ಸಾವ್ಕಾರ್ರೆ, ಆದ್ರೆ ಇದರಿಂದ ಏನಾಗ್ತದೆ?’ ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೇನೂ ಕಾರಣವಿಲ್ಲ. ಚಿತ್ರಕ್ಕೆ ಒಬ್ಬ ಮನುಷ್ಯ ಜೇಬಿಗೆ ಕೈಹಾಕಿ ದುಡ್ಡು ಕೊಟ್ಟದ್ದನ್ನು ಅವರು ಜೀವಮಾನದಲ್ಲಿ ನೋಡಿಲ್ಲ. ಕಾಫಿಗೆ ಕೊಡುವುದನ್ನು ನೋಡಿದ್ದಾರೆ, ಮೆಣಸಿಗೆ ಕೊಡುವುದನ್ನು ನೋಡಿದ್ದಾರೆ, ಭತ್ತಕ್ಕೆ ಕೊಡದೇ ಇರುವುದನ್ನೂ ನೋಡಿದ್ದಾರೆ. ಚಿತ್ರಕ್ಕೆ ಕೊಡುವುದನ್ನು ನೋಡಬೇಕಾದರೆ ಮಗಳನ್ನು ಕರೆದುಕೊಂಡು ಇನ್ನೂರು ಕಿಲೋಮೀಟರು ಹೋಗಬೇಕು. ಅದೂ ಹಣ್ಣು ಕುಯ್ಯುವ ಕಾಲದಲ್ಲಿ. ಹೋಗುತ್ತಾರೆಯೇ?

ನಮ್ಮ ಬೇಡಿಕೆ

ಆದ್ದರಿಂದ ಕೇಳುವುದಿಷ್ಟೇ. ಆಲೂರಿಗೆ ವರ್ಷಕ್ಕೆ ಒಂದು ಭಾನುವಾರ, ಒಂದು ರಸ್ತೆ. ಬಸ್ಸು ಓಡುವ ರಸ್ತೆ ಬೇಡ, ದಿನಾ ಓಡಾಡುವವರಿಗೆ ತೊಂದರೆ ಕೊಡುವ ಸಂತೆ ಯಾರಿಗೆ ಬೇಕು? ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಅಡ್ಡರಸ್ತೆ ಸಾಕು. ಫೆಬ್ರವರಿಯ ಕೊನೆಯ ಭಾನುವಾರ ಆಗಲಿ: ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಮಳೆ ದೂರ. ಮೂವತ್ತು ನಲವತ್ತು ಮೇಜು. ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಮೊದಲ ಅವಕಾಶ. ಗಣಪತಿ ಮಾಡುವವರು, ಮರದ ಗೊಂಬೆ ಕೆತ್ತುವ ಬಡಗಿಗಳು, ಬೋರ್ಡು ಬರೆಯುವವರು, ಹೈಸ್ಕೂಲು ಮಕ್ಕಳು ಎಲ್ಲರೂ ಬರಲಿ. ಬಂದವರಿಗೆ ಹತ್ತು ನಿಮಿಷದಲ್ಲಿ ಮುಖ ಬರೆದುಕೊಡುವವರು ಇಬ್ಬರಿರಲಿ. ಅವರಿಗಂತೂ ಸಾಲು ನಿಲ್ಲುತ್ತದೆ, ನೋಡುತ್ತಿರಿ.

ವೇದಿಕೆ ಬೇಡ. ಮೈಕು ಬೇಡ. ಇದನ್ನು ಎರಡು ಸಲ ಹೇಳಬೇಕು. ನಮ್ಮಲ್ಲಿ ಉತ್ಸವ ಅಂದರೆ ವೇದಿಕೆ, ವೇದಿಕೆ ಅಂದರೆ ಭಾಷಣ, ಭಾಷಣ ಅಂದರೆ ಮಧ್ಯಾಹ್ನ ಮೂರು. ಹಾರ, ಶಾಲು, ಹಣ್ಣಿನಬುಟ್ಟಿಯ ದುಡ್ಡಿನಲ್ಲಿ ಅಷ್ಟೂ ಮೇಜು ಬಾಡಿಗೆಗೆ ಬರುತ್ತದೆ. ಪುರಪಿತೃಗಳು ಬರಲಿ, ಸಂತೋಷ. ಬಂದು ನಾಲ್ಕು ಜನರಂತೆ ಓಡಾಡಿ, ಒಂದು ಚಿತ್ರ ಕೊಂಡು, ದುಡ್ಡು ಕೊಟ್ಟು ಹೋಗಲಿ.

ಅಡ್ಡಮಾತುಗಳು ನನಗೆ ಆಗಲೇ ಕೇಳಿಸುತ್ತಿವೆ. ‘ಭಾನುವಾರ ರಸ್ತೆ ಮುಚ್ಚಿದರೆ ನಮ್ಮ ವ್ಯಾಪಾರ?’ ಅಲ್ಲಣ್ಣ, ಸಂತೆಯ ದಿನ ನಿಮ್ಮ ವ್ಯಾಪಾರ ಹೆಚ್ಚೋ ಕಡಿಮೆಯೋ? ಜನ ನಡೆದು ಹೋಗುವ ರಸ್ತೆಯಲ್ಲಿ ಟೀ ಖರ್ಚಾಗುತ್ತದೆ, ಕಾರು ಓಡುವ ರಸ್ತೆಯಲ್ಲಿ ಧೂಳು ಖರ್ಚಾಗುತ್ತದೆ. ‘ಆಲೂರಿನಲ್ಲಿ ಚಿತ್ರ ಕೊಳ್ಳುವವರು ಯಾರು?’ ಇದು ನಿಜವಾದ ಪ್ರಶ್ನೆ. ಮೊದಲ ವರ್ಷ ಕೊಳ್ಳುವವರು ಕಡಿಮೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಗೃಹಪ್ರವೇಶಕ್ಕೆ ನಾವು ಗೋಡೆ ಗಡಿಯಾರ ಕೊಡುತ್ತೇವೆ. ಒಂದು ಮನೆಗೆ ಏಳು ಗಡಿಯಾರ, ಏಳೂ ಏಳು ಟೈಮು. ಅದೇ ನಾನೂರು ಐನೂರು ರೂಪಾಯಿಗೆ ಊರಿನವರು ಬರೆದ ಹೇಮಾವತಿ ಹೊಳೆಯನ್ನೋ, ಮಂಜರಾಬಾದ್ ಕೋಟೆಯನ್ನೋ ಕೊಡಬಹುದಲ್ಲ? ಮನೆಗೊಂದು ಕಲಾಕೃತಿ ಎಂಬುದು ಬೆಂಗಳೂರಿನ ಸಂತೆಯವರ ಘೋಷಣೆ. ನಮಗೆ ಅಷ್ಟು ದೊಡ್ಡ ಮಾತು ಬೇಡ, ಮದುವೆಗೊಂದು ಆದರೂ ಸಾಕು.

‘ಪೊಲೀಸು, ವ್ಯವಸ್ಥೆ, ಜವಾಬ್ದಾರಿ ಯಾರದು?’ ಹಾಸನಾಂಬೆಯ ಬಾಗಿಲು ತೆರೆದಾಗ ಲಕ್ಷಾಂತರ ಜನರನ್ನು ಸಾಲಿನಲ್ಲಿ ನಿಲ್ಲಿಸುವ ಜಿಲ್ಲೆ ಇದು. ನಲವತ್ತು ಮೇಜಿನ ಸಂತೆಗೆ ನಾಲ್ಕು ಹಗ್ಗ, ಇಬ್ಬರು ಪೇದೆಗಳು ಸಾಲದೇ? ಹೆಂಗಸರಿಗೆ ಶೌಚಾಲಯ ಮಾತ್ರ ಮೊದಲೇ ಗೊತ್ತುಮಾಡಬೇಕು, ಬೆಂಗಳೂರಿನ ಹುಳುಕು ಇಲ್ಲಿಗೆ ಬರುವುದು ಬೇಡ. ಇನ್ನು ರಸ್ತೆ ಮುಚ್ಚಲು ಮೇಲಿನವರು ಒಪ್ಪುವುದಿಲ್ಲ ಎನ್ನುವವರಿಗೆ, ಹಿಂದೆ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಮಾತು: ಮುಖ್ಯಮಂತ್ರಿಗಳ ಗೃಹ ಕಚೇರಿಯ ರಸ್ತೆ ಮುಚ್ಚಬಹುದಾದರೆ ಆಲೂರಿನ ಅಡ್ಡರಸ್ತೆ ಯಾವ ಲೆಕ್ಕ?

ಅರ್ಜಿ ಬರೆದಿಟ್ಟಿದ್ದೇನೆ. ಒಂದೂವರೆ ಪುಟ, ಪಟ್ಟಣ ಪಂಚಾಯಿತಿಗೆ ಒಂದು ಪ್ರತಿ, ತಹಶೀಲ್ದಾರರಿಗೆ ಒಂದು. ಬೋರ್ಡು ಬರೆಯುವವರು ಮೊದಲ ಸಹಿ ಹಾಕಿದ್ದಾರೆ, ಬಲಮೂಲೆಯಲ್ಲಿ, ಹಳೇ ಅಭ್ಯಾಸ. ಅಜ್ಜಿಯ ಚಿತ್ರ ಬರೆದ ಹುಡುಗಿಯ ಅಪ್ಪ ‘ನೋಡಣ’ ಅಂದಿದ್ದಾರೆ. ಉಳಿದವರು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ ಯಾವಾಗ ಬೇಕಾದರೂ ಅಂಗಡಿಗೆ ಬಂದು ಸಹಿ ಹಾಕಬಹುದು. ಬಸ್ಸಿಗೆ ಹೊತ್ತಾಯಿತು ಎನ್ನುವವರಿಗೆ ನಿಂತಲ್ಲಿಗೇ ತಂದುಕೊಡುತ್ತೇನೆ. ಪೆನ್ನು ಅಂಗಡಿಯದೇ, ಅದಕ್ಕೆ ದುಡ್ಡಿಲ್ಲ.